ಶುಗರ್ ಅಂದುಕೊಂಡದ್ದು ವಿಷವಾಗಿದ್ದರೆ? ಮನೆಯಲ್ಲಿ ಗುರುತಿಸಿ ಆಸ್ಪತ್ರೆ ತಲುಪಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಮಂಗಳೂರು, ಉಡುಪಿ ಕಡೆ ಯಾರಾದರೂ ತಲೆ ತಿರುಗಿ ಬಿದ್ದರೆ, ವಾಂತಿ ಮಾಡಿದರೆ, ಮಾತು ತೊದಲಿದರೆ ಮನೆಯವರ ಬಾಯಿಗೆ ಮೊದಲು ಬರುವ ಮಾತು "ಶುಗರ್ ಆಗಿರಬೇಕು". ಗ್ಲೂಕೋಮೀಟರ್ 350 ತೋರಿಸಿದರಂತೂ ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೂ ಅದನ್ನೇ ಹೇಳುತ್ತಾರೆ, ಅಲ್ಲಿಯೂ ಮೊದಲು ಆ ದಾರಿಯಲ್ಲೇ ಹುಡುಕಾಟ ಶುರುವಾಗುತ್ತದೆ.

ಆದರೆ ಕೆಲವು ವಿಷಗಳೂ ಶುಗರ್ ಏರಿಸುತ್ತವೆ. ಕೆಲವು ಇಳಿಸುತ್ತವೆ. ಇನ್ನು ಕೆಲವು ಶುಗರ್ ಮುಟ್ಟದೆ, ಶುಗರ್ ಕಾಯಿಲೆಯವರ ಹಾಗೇ ಏದುಸಿರು ತರುತ್ತವೆ. ಈ ವಿಷಯ ಬಿಡಿಬಿಡಿಯಾಗಿ ಹೇಳಿದಾಗ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಮನೆಯಲ್ಲಿ ನಿಜವಾಗಿ ಒಬ್ಬರು ಬಿದ್ದಾಗ ಕ್ರಮ ತಪ್ಪಿಹೋಗುತ್ತದೆ. ಮೀಟರ್ ನೋಡುತ್ತಾರೆ, ಮನುಷ್ಯನನ್ನು ನೋಡುವುದಿಲ್ಲ. ಅದಕ್ಕೇ ಇಲ್ಲಿ ಒಂದರ ನಂತರ ಒಂದು ಮಾಡಬೇಕಾದದ್ದನ್ನು ಬರೆದಿದ್ದೇನೆ. ಒಮ್ಮೆ ಪೂರ್ತಿ ಓದಿಡಿ, ಆ ಹೊತ್ತಿನಲ್ಲಿ ಓದುತ್ತಾ ಕೂರಲು ಆಗುವುದಿಲ್ಲ.

ಮೊದಲೇ ಕೈಗೆ ಸಿಗುವಂತೆ ಇಡಬೇಕಾದದ್ದು

ಗ್ಲೂಕೋಮೀಟರ್, ಅವಧಿ ಮುಗಿಯದ ಸ್ಟ್ರಿಪ್, ಟಾರ್ಚ್, ರಬ್ಬರ್ ಗ್ಲೌಸ್, ಗ್ಲೂಕೋಸ್ ಪುಡಿ ಮತ್ತು ಮನೆಯಲ್ಲಿ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಬರೆದ ಒಂದು ಚೀಟಿ. ಗ್ಲೌಸ್ ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡರೂ ನಡೆಯುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಗಟ್ಟಿ ಹಾಕಿಡಿ, ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಹಾಳಾಗಿ ಸುಳ್ಳು ಅಂಕಿ ತೋರಿಸುತ್ತದೆ.

ಫೋನಿನಲ್ಲಿ ಮೂರು ನಂಬರ್ ಸೇವ್ ಮಾಡಿ. ಆಂಬುಲೆನ್ಸಿಗೆ 108. ಬೇರೆ ಯಾವ ತುರ್ತಿಗೂ 112. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117, ಇದು ಉಚಿತ ಕರೆ. ಈ ಮೂರನೆಯದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಹಂತ 1: ಹತ್ತಿರ ಓಡುವ ಮೊದಲು ಜಾಗ ನೋಡಿ

ಎಲ್ಲಿ ಬಿದ್ದಿದ್ದಾರೆ? ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ? ಬಾಗಿಲು, ಕಿಟಕಿ ಮುಚ್ಚಿದ್ದ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ಬಿದ್ದಿದ್ದರೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿರುವ ಸಾಧ್ಯತೆ ಜಾಸ್ತಿ. ಬಣ್ಣ ಇಲ್ಲ, ವಾಸನೆ ಇಲ್ಲ. "ಬೆಳಿಗ್ಗೆ ಏನೂ ತಿನ್ನದೆ ಸ್ನಾನಕ್ಕೆ ಹೋದರು, ಶುಗರ್ ಡೌನ್ ಆಯಿತು" ಎಂದು ಅಲ್ಲೇ ಕೂತು ಸಕ್ಕರೆ ನೀರು ಕುಡಿಸಲು ಹೋದರೆ ನೀವೂ ಬೀಳುತ್ತೀರಿ. ಮೊದಲು ಬಾಗಿಲು ತೆರೆಯಿರಿ, ಗ್ಯಾಸ್ ಬಂದ್ ಮಾಡಿ, ಅವರನ್ನು ಹೊರಗೆ ಗಾಳಿಗೆ ಎಳೆದು ತನ್ನಿ. ಮೀಟರ್ ಆಮೇಲೆ.

ಒಂದೇ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಸುಸ್ತು ಬಂದರೆ ಅದು ಶುಗರ್ ಅಲ್ಲವೇ ಅಲ್ಲ ಎಂದುಕೊಂಡೇ ಮುಂದುವರಿಯಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್ ತುಂಬಿದ ರಕ್ತವನ್ನೂ ಅದು 98, 99 ಎಂದು ತೋರಿಸಬಹುದು.

ತೋಟದಲ್ಲಿ ಬಿದ್ದಿದ್ದರೆ ಪಕ್ಕದಲ್ಲಿ ಪಂಪ್, ಬಾಟಲಿ, ಬಕೆಟ್ ಇದೆಯಾ ನೋಡಿ. ಮದ್ದು, ಅಂದರೆ ಕೀಟನಾಶಕ, ಬಿದ್ದ ಮೈ, ಬಟ್ಟೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಹಂತ 2: ಉಸಿರು ಮತ್ತು ಎಚ್ಚರ

ಹೆಸರು ಹಿಡಿದು ಕರೆಯಿರಿ, ಭುಜ ತಟ್ಟಿ. ಎದೆ ಏರಿಳಿಯುತ್ತಿದೆಯಾ ನೋಡಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಕರೆಯಲಿ. ವಿಷದ ಸಂಶಯ ಇದ್ದಾಗ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ಹೋಗಬೇಡಿ.

ಉಸಿರಿದೆ, ಎಚ್ಚರ ಇಲ್ಲ ಎಂದಾದರೆ ಎಡ ಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ನೆಲದ ಕಡೆ ವಾಲಿರಲಿ. ವಾಂತಿ, ನೊರೆ ಹೊರಗೆ ಹೋಗಬೇಕು. ಅಂಗಾತ ಮಲಗಿಸಿ ತಲೆಯಡಿಗೆ ದಪ್ಪ ದಿಂಬು ಇಡುವುದು ಎಲ್ಲ ಮನೆಯಲ್ಲೂ ಆಗುವ ತಪ್ಪು. 108ಕ್ಕೆ ಹೇಳುವಾಗ "ಶುಗರ್ ಪೇಶಂಟ್" ಎಂದಷ್ಟೇ ಹೇಳಬೇಡಿ. "ಎಚ್ಚರ ಇಲ್ಲ, ವಿಷದ ಸಂಶಯವೂ ಇದೆ" ಎನ್ನಿ.

ಹಂತ 3: ಶುಗರ್ ನೋಡಿ, ಆದರೆ ಸರಿಯಾಗಿ ನೋಡಿ

ಬೆರಳನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಹಲಸಿನ ತೊಳೆ ಬಿಡಿಸಿದ ಕೈ, ಶರಬತ್ತು ತಾಗಿದ ಕೈ, ಬೆಲ್ಲ ಮುಟ್ಟಿದ ಕೈ, ಇವೆಲ್ಲ ಇಲ್ಲದ ಶುಗರ್ ತೋರಿಸುತ್ತವೆ. ಸಂಶಯ ಬಂದರೆ ಇನ್ನೊಂದು ಕೈಯ ಬೆರಳಲ್ಲಿ ಮತ್ತೊಮ್ಮೆ ನೋಡಿ. ಮೀಟರಿನಲ್ಲಿ ಅಂಕಿಯ ಬದಲು "ಹೈ" ಬಂದರೆ ಹೆಚ್ಚಿನ ಮೀಟರುಗಳಲ್ಲಿ ಅದು 600ಕ್ಕಿಂತ ಮೇಲೆ, "ಲೋ" ಬಂದರೆ 20ಕ್ಕಿಂತ ಕೆಳಗೆ.

70ಕ್ಕಿಂತ ಕಡಿಮೆ ಇದೆಯಾ? ಕಾರಣ ವಿಷವಾಗಲಿ, ಮಾತ್ರೆಯಾಗಲಿ, ಊಟ ಬಿಟ್ಟದ್ದಾಗಲಿ, ಮೊದಲು ಅದನ್ನು ಏರಿಸಬೇಕು. ಎಚ್ಚರವಿದ್ದು, ನುಂಗಲು ಆಗುವುದಾದರೆ ಮಾತ್ರ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಿಗೆ ಹಾಕಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಒಂದು ಮಾತು ನೆನಪಿರಲಿ: ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಸುರಿಯಬೇಡಿ.

ಮತ್ತೆ, ಶುಗರ್ ಸರಿಯಾಯಿತು ಎಂದು ಅಲ್ಲಿಗೇ ಬಿಡಬೇಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಇರುವ ಶುಗರ್ ಮಾತ್ರೆ ಜಾಸ್ತಿ ಹೋಗಿದ್ದರೆ ಶುಗರ್ ಮತ್ತೆ ಮತ್ತೆ ಇಳಿಯುತ್ತದೆ. ಅಜ್ಜಿಯ ಡಬ್ಬಿಯಿಂದ ಮಗು ಒಂದೇ ಒಂದು ಮಾತ್ರೆ ನುಂಗಿದ್ದರೂ ಆಡುತ್ತಿದೆಯಲ್ಲ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಆಸ್ಪತ್ರೆಯಲ್ಲಿ 24 ಗಂಟೆಯಷ್ಟು ನಿಗಾ ಬೇಕಾಗಬಹುದು. ಶುಗರ್ ಕಾಯಿಲೆಯೇ ಇಲ್ಲದ ಮನುಷ್ಯನ ಶುಗರ್ ಇಳಿದಿದ್ದರೆ, ಹೆಸರಿಲ್ಲದ ಪುಡಿ, ಗುಳಿಗೆ ಏನಾದರೂ ತಿಂದಿದ್ದಾರಾ ಕೇಳಿ. 2008ರಲ್ಲಿ ಸಿಂಗಾಪುರದಲ್ಲಿ ಲೈಂಗಿಕ ಶಕ್ತಿಯ ಮಾತ್ರೆ ಎಂದು ಮಾರಿದ್ದರಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು, ಶುಗರ್ ಇಲ್ಲದವರೇ ಕೋಮಾಕ್ಕೆ ಹೋದರು, ಸಾವುಗಳೂ ಆದವು.

ಹಂತ 4: ಒಣಗಿದ್ದಾರಾ, ಒದ್ದೆಯಾಗಿದ್ದಾರಾ?

ಇಡೀ ಬರಹದಲ್ಲಿ ಇದೊಂದನ್ನು ಸರಿಯಾಗಿ ಓದಿದರೂ ಸಾಕು.

ಶುಗರ್ ತುಂಬಾ ಏರಿ ರಕ್ತ ಆಮ್ಲವಾದಾಗ, ಡಾಕ್ಟರುಗಳು ಡಿಕೆಎ ಎನ್ನುತ್ತಾರಲ್ಲ, ಆಗ ಮನುಷ್ಯ ಒಣಗಿರುತ್ತಾನೆ. ನಾಲಿಗೆ ಒಣ, ತುಟಿ ಒಣ, ಚರ್ಮ ಒಣ. ಅದಕ್ಕೆ ಮೊದಲು ಒಂದೆರಡು ದಿನ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಇದ್ದೇ ಇರುತ್ತದೆ. ಉಸಿರು ಆಳ ಮತ್ತು ವೇಗ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಐದು ನಿಮಿಷದಲ್ಲಿ ಬರುವ ಕಾಯಿಲೆ ಇದಲ್ಲ.

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮೆಥೋಯೇಟ್‌ನಂಥ ಕೀಟನಾಶಕ ಮೈ ಸೇರಿದರೆ ಎಲ್ಲ ಉಲ್ಟಾ. ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ, ಬಟ್ಟೆಯಲ್ಲೇ ಮೂತ್ರ. ಎದೆಯಲ್ಲಿ ಗೊರಗೊರ ಸದ್ದು, ಏಕೆಂದರೆ ಶ್ವಾಸನಾಳದಲ್ಲೂ ನೀರು ತುಂಬುತ್ತಿರುತ್ತದೆ. ತೊಡೆ, ಕೆನ್ನೆ, ರೆಪ್ಪೆಯ ಸ್ನಾಯುಗಳು ಸಣ್ಣಗೆ ಅದುರುತ್ತವೆ. ಬಾಯಲ್ಲಿ, ಬಟ್ಟೆಯಲ್ಲಿ ಸೀಮೆಎಣ್ಣೆಯಂಥ ಅಥವಾ ಬೆಳ್ಳುಳ್ಳಿಯಂಥ ವಾಸನೆ. ಈ ವಿಷಕ್ಕೆ ದೇಹ ಬೆದರಿ ಅಡ್ರಿನಲಿನ್ ಸುರಿಸುತ್ತದೆ, ಮೇದೋಜೀರಕ ಗ್ರಂಥಿಗೂ ಪೆಟ್ಟು ಬೀಳಬಹುದು, ಹಾಗಾಗಿ ಶುಗರ್ 300, 400ಕ್ಕೂ ಏರಬಹುದು. ಮೂತ್ರದಲ್ಲಿ ಸಕ್ಕರೆ, ಕೆಲವೊಮ್ಮೆ ಕೀಟೋನ್ (ಕೊಬ್ಬು ಕರಗಿದಾಗ ಬರುವ, ಡಿಕೆಎಯಲ್ಲಿ ಏರುವ ಅಂಶ) ಕೂಡ ಕಾಣಿಸುತ್ತದೆ. ಮೀಟರ್ ಸುಳ್ಳು ಹೇಳುತ್ತಿಲ್ಲ. ಶುಗರ್ ನಿಜವಾಗಿಯೂ ಏರಿದೆ. ಆದರೆ ಕೊಲ್ಲುತ್ತಿರುವುದು ಅದಲ್ಲ.

ಆದ್ದರಿಂದ ಶುಗರ್ ಜಾಸ್ತಿ ಇದ್ದೂ ಮನುಷ್ಯ ಒದ್ದೆಯಾಗಿದ್ದರೆ ಕೀಟನಾಶಕದ ಸಂಶಯ ಬರಲೇಬೇಕು. ಶುಗರ್ ಕಡಿಮೆಯಾದಾಗಲೂ ಬೆವರುತ್ತಾರೆ, ನಿಜ, ಆದರೆ ಆಗ ಮೀಟರ್ ಕಡಿಮೆ ತೋರಿಸುತ್ತದೆ, ಎದೆಯಲ್ಲಿ ಗೊರಗೊರ ಇರುವುದಿಲ್ಲ.

ಇನ್ನು ಕಣ್ಣಿನ ಪಾಪೆ. ಟಾರ್ಚ್ ಹಾಕುವ ಮೊದಲೇ, ಅದೇ ಬೆಳಕಿನಲ್ಲಿ ನಿಮ್ಮ ಪಕ್ಕದವರ ಪಾಪೆಯ ಜೊತೆ ಹೋಲಿಸಿ ನೋಡಿ. ಈ ವಿಷದಲ್ಲಿ ಅದು ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುತ್ತದೆ. ವಯಸ್ಸಾದವರಲ್ಲಿ ಸ್ವಲ್ಪ ಎಚ್ಚರ ಬೇಕು. ಪೊರೆಯ ಆಪರೇಷನ್ ಆದ ಕಣ್ಣಿನ ಪಾಪೆ ಸರಿಯಾಗಿ ಸ್ಪಂದಿಸದೇ ಇರಬಹುದು, ಗ್ಲೂಕೋಮಾಕ್ಕೆ ಹಾಕುವ ಪೈಲೋಕಾರ್ಪಿನ್ ಹನಿಯೂ ಪಾಪೆ ಕುಗ್ಗಿಸುತ್ತದೆ. ಪಾಪೆ ಚಿಕ್ಕದಾಗಿಲ್ಲ ಎಂದ ಮಾತ್ರಕ್ಕೆ ವಿಷ ಇಲ್ಲ ಎಂದೂ ತೀರ್ಮಾನಿಸಬೇಡಿ, ಕೆಲವರಲ್ಲಿ ಅದು ದೊಡ್ಡದಾಗಿಯೇ ಇರುತ್ತದೆ.

ಹಂತ 5: ಒಣಗಿದ್ದರೂ ವಿಷ ಇರಬಹುದು

ಉಸಿರು ಆಳ, ವೇಗ. ವಾಂತಿ, ಹೊಟ್ಟೆನೋವು. ಆದರೆ ಮೀಟರ್ 130, 160 ತೋರಿಸುತ್ತಿದೆ. ಹೀಗಿದ್ದರೆ "ಶುಗರ್ ಸರಿ ಇದೆ, ಗ್ಯಾಸ್ಟ್ರಿಕ್" ಎಂದು ಮಲಗಿಸಬೇಡಿ. ಥಿನ್ನರ್, ಸ್ಪಿರಿಟ್, ಕಳ್ಳಭಟ್ಟಿಯಲ್ಲಿರುವ ಮೆಥನಾಲ್ ಹೊಟ್ಟೆಗೆ ಹೋಗಿದ್ದರೆ 12ರಿಂದ 24 ಗಂಟೆ ಏನೂ ಗೊತ್ತಾಗದೇ ಇರಬಹುದು, ಆಮೇಲೆ ಏದುಸಿರು, ಕಣ್ಣು ಮಂಜು. "ಎಲ್ಲ ಬೆಳ್ಳಗೆ ಕಾಣುತ್ತದೆ" ಎಂದರೆ ಒಂದು ನಿಮಿಷವೂ ಕಾಯಬೇಡಿ, ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಎಂಜಿನ್ನಿಗೆ ಹಾಕುವ ಕೂಲೆಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ರುಚಿ ಸಿಹಿ. ಕುಡಿದವರಂತೆ ತೂರಾಡುತ್ತಾರೆ, ಆಮೇಲೆ ಏದುಸಿರು, ಕೊನೆಗೆ ಕಿಡ್ನಿಗೆ ಪೆಟ್ಟು. ಹಾಗಾಗಿ ನೀರಿನ ಬಾಟಲಿಯಲ್ಲಿ ಕೂಲೆಂಟ್ ತುಂಬಿಸಿ ಇಡುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಇದೇ ಚಿತ್ರ ವಿಷವಿಲ್ಲದೆಯೂ ಬರಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ 200ರ ಒಳಗಿದ್ದೂ ಡಿಕೆಎ ಆಗುವುದುಂಟು. ಮನೆಯಲ್ಲಿ ಕೂತು ಇದನ್ನು ಬಿಡಿಸಲು ಆಗುವುದಿಲ್ಲ. ಆಸ್ಪತ್ರೆಯಲ್ಲಿ ಕೀಟೋನ್, ರಕ್ತದ ಆಮ್ಲದ ಪರೀಕ್ಷೆ ಮಾಡಿಯೇ ಗೊತ್ತಾಗಬೇಕು.

ನೋವಿನ ಎಣ್ಣೆ, ಮುಲಾಮುಗಳಲ್ಲಿ ಮಿಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಶುದ್ಧ ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚದಲ್ಲಿ 20 ಆಸ್ಪಿರಿನ್ ಮಾತ್ರೆಗಳಷ್ಟು ಅಂಶ ಇರುತ್ತದೆ, ಮಗು ನೆಕ್ಕಿದರೂ ಅಪಾಯ. ವೇಗದ ಉಸಿರು, ಬೆವರು, ಜ್ವರ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇದರ ಗುರುತು.

ಉಮ್ಮತ್ತ ಹೊಟ್ಟೆಗೆ ಹೋದರೆ ಬಾಯಿ ಒಣಗಿ ನೀರು ನೀರು ಎನ್ನುತ್ತಾರೆ, ಏನೇನೋ ಬಡಬಡಿಸುತ್ತಾರೆ. ಶುಗರ್ ಏರಿದ ಹಾಗೇ ಕಾಣುತ್ತದೆ ಅಲ್ವಾ? ಆದರೆ ಪಾಪೆ ದೊಡ್ಡದು, ಮೈ ಬಿಸಿ, ಮೂತ್ರ ಬರುವುದಿಲ್ಲ.

ಎಲ್ಲಕ್ಕಿಂತ ಮೋಸದ್ದು ಇಲಿಗೆ ಇಡುವ ರಂಜಕದ ಪೇಸ್ಟ್. ಮೊದಲ ದಿನ ಸ್ವಲ್ಪ ವಾಂತಿ, ಹೊಟ್ಟೆ ಉರಿ. ಆಮೇಲೆ ಒಂದೆರಡು ದಿನ ಆರಾಮ, ಗಂಜಿ ಉಂಡು ಓಡಾಡುತ್ತಾರೆ. ಮೂರನೇ ದಿನದ ಹೊತ್ತಿಗೆ ಲಿವರ್ ಕೈಕೊಟ್ಟು ಕಣ್ಣು ಹಳದಿ, ಮಂಕು, ಶುಗರ್ ಡೌನ್. ಶುಗರ್ ಇರುವವರಾದರೆ "ಮಾತ್ರೆ ಜಾಸ್ತಿಯಾಯಿತು" ಎಂದು ಎಲ್ಲರೂ ನಂಬಿಬಿಡುತ್ತಾರೆ. ಇದನ್ನು ತಿಂದ ಸಂಶಯ ಬಂದರೆ ಆರಾಮಾಗಿ ಕಾಣುತ್ತಿದ್ದರೂ ಆ ದಿನವೇ ಆಸ್ಪತ್ರೆಗೆ.

ಹಂತ 6: ಹುಡುಕಿ, ಕೇಳಿ

ಇದಕ್ಕೆ ಐದು ನಿಮಿಷ ಸಾಕು, ಆಂಬುಲೆನ್ಸ್ ಬರುವಷ್ಟರಲ್ಲಿ ಒಬ್ಬರು ಮಾಡಲಿ. ಕೋಣೆ, ಮಂಚದ ಅಡಿ, ಕೊಟ್ಟಿಗೆ, ಪಂಪ್‌ಶೆಡ್, ಕಸದ ಬುಟ್ಟಿ. ಮಾತ್ರೆಯ ಹಾಳೆಯಲ್ಲಿ ಎಷ್ಟು ಖಾಲಿಯಾಗಿದೆ ಎಣಿಸಿ.

ಬಾಟಲಿ ಸಿಕ್ಕಿದರೆ ಮುಚ್ಚಳ ಹಾಕಿ, ಕವರಿನಲ್ಲಿಟ್ಟು ಜೊತೆಗೇ ತನ್ನಿ, ಲೇಬಲಿನ ಫೋಟೊ ತೆಗೆಯಿರಿ. ಭಾರತದ ಕೀಟನಾಶಕಗಳ ಲೇಬಲಿನಲ್ಲಿ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದೆ ಎಂದು ಸಮಾಧಾನ ಪಡಬೇಡಿ, ಹೊಟ್ಟೆಗೆ ಹೋದರೆ ಯಾವುದೂ ಸಣ್ಣದಲ್ಲ. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತ ಹೋಗಿದ್ದರೆ ವಾಂತಿ ನೀಲಿ-ಹಸಿರು ಇರುತ್ತದೆ, ಅದರ ಫೋಟೊ ಕೂಡ ತೆಗೆಯಿರಿ.

ಕೇಳುವಾಗ ಸಿಟ್ಟು ಬೇಡ. "ಅಜ್ಜ, ಇವತ್ತು ತೋಟಕ್ಕೆ ಮದ್ದು ಬಿಟ್ಟಿದ್ದೀರಾ? ಕೈ ತೊಳೆಯದೆ ಎಲೆಅಡಿಕೆ ಹಾಕಿದಿರಾ?" ಎಂದು ಮೆಲ್ಲಗೆ ಕೇಳಿ. ನಮ್ಮಲ್ಲಿ ಕೀಟನಾಶಕಕ್ಕೂ ಮದ್ದು, ಜ್ವರದ ಮಾತ್ರೆಗೂ ಮದ್ದು. "ಮದ್ದು ತೆಗೊಂಡೆ" ಎಂದರೆ ಯಾವ ಮದ್ದು ಎಂದು ಬಿಡಿಸಿ ಕೇಳಲೇಬೇಕು.

ಹಂತ 7: ಬಟ್ಟೆ ತೆಗೆಯಿರಿ, ಉಳಿದದ್ದನ್ನು ಮಾಡಬೇಡಿ

ಕೀಟನಾಶಕ ಮೈಮೇಲೆ ಬಿದ್ದಿದ್ದರೆ ಗ್ಲೌಸ್ ಹಾಕಿ ಬಟ್ಟೆ ಎಲ್ಲ ತೆಗೆದು ಕವರಿಗೆ ಕಟ್ಟಿ. ಸೋಪು, ತುಂಬಾ ನೀರು ಹಾಕಿ ಮೈ ತೊಳೆಯಿರಿ. ಕೂದಲು, ಉಗುರಿನ ಸಂದಿ, ಕಂಕುಳು ಬಿಡಬೇಡಿ. ಚರ್ಮದ ಮೂಲಕ ವಿಷ ಒಳಗೆ ಹೋಗುತ್ತಲೇ ಇರುತ್ತದೆ. ಆದರೆ ಉಸಿರಿನ ತೊಂದರೆ ಇದ್ದರೆ ತೊಳೆಯುತ್ತಾ ಆಂಬುಲೆನ್ಸ್ ಕಾಯಿಸಬೇಡಿ.

ವಾಂತಿ ಮಾಡಿಸಬೇಡಿ. ಉಪ್ಪು ನೀರು, ಸೋಪು ನೀರು, ಹುಣಸೆ ನೀರು, ಬೆರಳು ಹಾಕುವುದು, ಯಾವುದೂ ಬೇಡ. ಕೀಟನಾಶಕದಲ್ಲಿ ಸೀಮೆಎಣ್ಣೆಯಂಥ ದ್ರಾವಕ ಇರುತ್ತದೆ, ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅನಾಹುತ. ಹಾಲು, ತುಪ್ಪ, ಹಸಿ ಮೊಟ್ಟೆಯೂ ಬೇಡ. ಇಲಿ ಪೇಸ್ಟಿನ ರಂಜಕ ಕೊಬ್ಬಿನಲ್ಲಿ ಕರಗುತ್ತದೆ, ನೀವೇ ಅದನ್ನು ರಕ್ತಕ್ಕೆ ದಾಟಿಸಿದ ಹಾಗಾಗುತ್ತದೆ. ಎಳನೀರೂ ಬೇಡ.

ಮೀಟರ್ 400 ತೋರಿಸಿತು ಎಂದು ಮನೆಯಲ್ಲಿ ಹೆಚ್ಚುವರಿ ಇನ್ಸುಲಿನ್ ಚುಚ್ಚಬೇಡಿ. ವಿಷದಿಂದ ಏರಿದ ಶುಗರ್ ತಾನಾಗಿಯೇ ಇಳಿಯಲೂಬಹುದು, ಆಗ ಎಚ್ಚರ ತಪ್ಪಿದ ಮನುಷ್ಯನ ಶುಗರ್ ದಾರಿ ಮಧ್ಯೆ ಪಾತಾಳಕ್ಕೆ ಹೋಗುತ್ತದೆ. ಡಾಕ್ಟರ್ ಬರೆದುಕೊಟ್ಟ ದಿನನಿತ್ಯದ ಡೋಸ್ ಬೇರೆ ಮಾತು, ಅದನ್ನು ಕೊಟ್ಟಿದ್ದರೆ ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಬರೆದಿಡಿ.

ಹಂತ 8: ಎಲ್ಲಿಗೆ, ಏನು ಹೇಳಬೇಕು

ಮಂಗಳೂರು ಪೇಟೆಯಲ್ಲಿದ್ದರೆ ವೆನ್ಲಾಕ್ ಇದೆ, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಣಿಪಾಲ ಹತ್ತಿರ. ಆದರೆ ನೀವು ಸುಳ್ಯ, ಬೆಳ್ತಂಗಡಿ, ಬೈಂದೂರು ಕಡೆ ಇದ್ದು, ರೋಗಿಗೆ ಜೊಲ್ಲು, ಎದೆಯ ಗೊರಗೊರ ಇದ್ದರೆ ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆ ಎಂದು ನೇರ ಹೊರಡಬೇಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ನಿಲ್ಲಿಸಿ. ಆಕ್ಸಿಜನ್, ಗಂಟಲು ಶುಚಿ, ಈ ಕೀಟನಾಶಕಕ್ಕೆ ಪ್ರತಿಯಾಗಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಅಲ್ಲಿ ಶುರುವಾದರೆ ಮುಂದಿನ ದಾರಿ ಸವೆಸಬಹುದು. ಅಟ್ರೋಪಿನ್ ಕೊಟ್ಟ ಮೇಲೆ ಪಾಪೆ ದೊಡ್ಡದಾಗುತ್ತದೆ, ಬಾಯಿ ಒಣಗುತ್ತದೆ. ಹಾಗಾಗಿ ಮೊದಲು ಹೇಗಿತ್ತು ಎಂಬುದನ್ನು ನೀವು ಮುಂದಿನ ಡಾಕ್ಟರಿಗೆ ಹೇಳಬೇಕು, ರೆಫರ್ ಚೀಟಿ ತಪ್ಪದೆ ತನ್ನಿ.

ಕ್ಯಾಶುವಾಲ್ಟಿಯಲ್ಲಿ ಹೇಳಬೇಕಾದದ್ದು ಇಷ್ಟು: ಅವರು ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ, ಏನೇನು ಕಂಡಿತು, ಮೀಟರ್ ಎಷ್ಟು, ಯಾವ ಮಾತ್ರೆ, ಏನು ಸಿಕ್ಕಿತು. ಆಮೇಲೆ ನೇರವಾಗಿ ಕೇಳಿ, "ಡಾಕ್ಟ್ರೇ, ವಿಷ ಇರಬಹುದಾ? ಕೀಟೋನ್, ಕೋಲಿನೆಸ್ಟರೇಸ್ ನೋಡ್ತೀರಾ?" ಕೋಲಿನೆಸ್ಟರೇಸ್ ಎಂದರೆ ಇಂಥ ಕೀಟನಾಶಕದ ವಿಷ ಗುರುತಿಸುವ ರಕ್ತಪರೀಕ್ಷೆ. ಹೀಗೆ ಕೇಳುವುದು ಅಧಿಕಪ್ರಸಂಗ ಅಲ್ಲ.

ಈಗ ಎಲ್ಲರೂ ಮುಚ್ಚಿಡುವ ಮಾತು. ಸ್ವತಃ ಕುಡಿದಿದ್ದಾರೆ ಎಂದು ಗೊತ್ತಿದ್ದೂ ಪೊಲೀಸ್ ಕೇಸ್, ನೆಂಟರ ಮಾತಿಗೆ ಹೆದರಿ "ಶುಗರ್" ಎಂದು ಬರೆಸುವ ಮನೆಗಳಿವೆ. ಅದರಿಂದ ಕಳೆದುಹೋಗುವುದು ಮದ್ದು ಕೊಡಬೇಕಾದ ಮೊದಲ ಗಂಟೆಗಳು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಬರೆಯುತ್ತಾರೆ, ಬರೆಯಲಿ, ಚಿಕಿತ್ಸೆ ಅದಕ್ಕೆ ಕಾಯಬೇಕಾಗಿಲ್ಲ. ಎಲ್ಲರ ಎದುರು ಹೇಳಲು ಕಷ್ಟವಾದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿ. ಆಮೇಲೆ ಆ ಮನುಷ್ಯನಿಗೂ ನಿಮಗೂ ಮಾತನಾಡಲು ಒಬ್ಬರು ಬೇಕಾದರೆ ಟೆಲಿ-ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಹಂತ 9: ಚೇತರಿಕೆಯ ದಿನಗಳಲ್ಲಿ

ಕೀಟನಾಶಕದ ವಿಷದಲ್ಲಿ ಮೊದಲ ದಿನ ಸುಧಾರಿಸಿದ ಮೇಲೂ 1ರಿಂದ 4 ದಿನಗಳ ಒಳಗೆ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಲು ಹೇಳಿ ನೋಡಿ. ಎತ್ತಲು ಆಗದಿದ್ದರೆ, ಧ್ವನಿ ಸಣ್ಣಗಾದರೆ, ನುಂಗಲು ಕಷ್ಟವಾದರೆ ತಕ್ಷಣ ನರ್ಸ್‌ಗೆ ಹೇಳಿ, ಮುಂದಿನದು ಉಸಿರಾಟದ ಸ್ನಾಯು. ಇದೇ ಕಾರಣಕ್ಕೆ "ಚೆನ್ನಾಗಿದ್ದಾರಲ್ಲ" ಎಂದು ಹಠ ಮಾಡಿ ಬೇಗ ಡಿಸ್ಚಾರ್ಜ್ ಮಾಡಿಸಿಕೊಳ್ಳಬೇಡಿ. ಎರಡು ಮೂರು ವಾರಗಳ ಮೇಲೆ ಕಾಲು ಜೋಮು, ನಡೆಯುವಾಗ ಪಾದ ಎಳೆಯುವುದು ಕಂಡರೂ ಮತ್ತೆ ತೋರಿಸಿ.

ಆ ದಿನ ಏರಿದ್ದ ಶುಗರಿನ ಕತೆ ಏನು? ಮೊದಲು ಶುಗರ್ ಇಲ್ಲದವರಾದರೆ ಆ ಒಂದು ಅಂಕಿ ನೋಡಿ ಮಾತ್ರೆ ಶುರುಮಾಡಿಕೊಳ್ಳಬೇಡಿ. ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದು ಸರಿ ಇದ್ದರೆ ಏರಿದ್ದು ಆ ಹೊತ್ತಿಗೆ ಮಾತ್ರ ಎಂದು ಅರ್ಥ, ಜಾಸ್ತಿ ಇದ್ದರೆ ಶುಗರ್ ಮೊದಲೇ ಇತ್ತು, ಈಗ ಗೊತ್ತಾಯಿತು. ಮೈಲುತುತ್ತ ಹೋಗಿ ರಕ್ತಕಣ ಒಡೆದವರಲ್ಲಿ, ರಕ್ತಹೀನತೆ ಇರುವವರಲ್ಲಿ ಈ ಪರೀಕ್ಷೆಯೂ ತಪ್ಪು ಹೇಳಬಹುದು. ಅಂಥವರು ಕೆಲವು ವಾರ ಬಿಟ್ಟು ಖಾಲಿ ಹೊಟ್ಟೆಯ ಶುಗರ್ ಮತ್ತೊಮ್ಮೆ ನೋಡಿಸಿ, ಆ ರಿಪೋರ್ಟನ್ನು ಡಿಸ್ಚಾರ್ಜ್ ಚೀಟಿಯ ಜೊತೆ ಡಾಕ್ಟರಿಗೆ ತೋರಿಸಿ.